ಹೊಟ್ಟೆ ಸೀಳಿದ ಭ

ಮುದ್ರಣಾಲಯದಲ್ಲಿ ಎಲ್ಲರೂ ಅವಳನ್ನು ಪ್ರೂಫಮ್ಮ ಎಂದೇ ಕರೆಯುತ್ತಿದ್ದರು. ಇಪ್ಪತ್ತೆಂಟು ವರ್ಷ ಬೇರೆಯವರ ಪುಸ್ತಕಗಳ ತಪ್ಪು ತಿದ್ದಿದವಳು. ಲಗ್ನಪತ್ರಿಕೆ ಕೈಗೆ ಬಂದರೂ ಮೊದಲು ಕಾಗುಣಿತ ನೋಡಿ, ಆಮೇಲೆ ಮದುವೆ ಯಾರದೆಂದು ನೋಡುವ ಪೈಕಿ. ಅಂಥವಳು ತಾನೂ ಒಂದು ಕಾದಂಬರಿ ಬರೆದಳು. ಹಾಸಿಗೆ ಹಿಡಿದ ಅಮ್ಮನನ್ನು ಒಂಬತ್ತು ವರ್ಷ ನೋಡಿಕೊಂಡ ಸ್ವಂತ ಅಕ್ಕನ ಕಥೆ. ಅಮ್ಮನ ಸಾವನ್ನು ಬರೆಯಲು ಧೈರ್ಯ ಸಾಲದೆ, ಅದನ್ನು ಎರಡನೆಯ ಭಾಗಕ್ಕೆ ಬಿಟ್ಟಿದ್ದಳು. ಸಿನಿಮಾದವರು ಹಕ್ಕು ಕೇಳಿಕೊಂಡು ಬಂದಾಗ ಅವಳಿಗೆ ಸ್ವರ್ಗಕ್ಕೆ ಮೂರೇ ಗೇಣು.

ಕರಾರುಪತ್ರ ಹತ್ತೊಂಬತ್ತು ಪುಟ. ಓದದೆ ಸಹಿ ಹಾಕಿದಳು ಎಂದು ಯಾರೂ ಆಡಿಕೊಳ್ಳುವಂತಿಲ್ಲ, ಓದಿದಳು! ಆದರೆ ಓದಿದ್ದು ಪ್ರೂಫ್ ಓದಿದ ಹಾಗೆ. ಹನ್ನೊಂದನೇ ಪುಟದಲ್ಲಿ, ಪಾತ್ರಗಳು ಹಾಗೂ ಕಥೆಯ 'ಮುಂದಿನ ಬಾಗಗಳು' ನಿರ್ಮಾಪಕರಿಗೆ ಸೇರತಕ್ಕವು ಎಂದಿತ್ತು. ಅವಳ ಕಣ್ಣಿಗೆ ಬಿದ್ದದ್ದು ಬ ಒಂದೇ. ಕೆಂಪು ಪೆನ್ನಿನಿಂದ ಅದರ ಹೊಟ್ಟೆ ಸೀಳಿ ಭ ಮಾಡಿ, ಪಕ್ಕದಲ್ಲಿ ರುಜು ಹಾಕಿ, ಮಹಾ ಸಾಧನೆ ಮಾಡಿದವಳಂತೆ ನಕ್ಕಳು.

ಸಿನಿಮಾ ಬಂತು. ಅದರಲ್ಲಿ ಬೇಸತ್ತ ಅಕ್ಕ, ಅಮ್ಮನ ಮಾತ್ರೆಗಳನ್ನೆಲ್ಲ ಸಿಂಕಿಗೆ ಸುರಿದು ಅವಳನ್ನು ಸಾಯಿಸುತ್ತಾಳೆ! "ಜನಕ್ಕೆ ಒಂದು ಶಾಕ್ ಬೇಕಲ್ಲಮ್ಮಾ," ಎಂದರು ನಿರ್ದೇಶಕರು. ಪ್ರೂಫಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಮರೆವಿನ ಕಾಯಿಲೆ ಹತ್ತಿದ ಅಕ್ಕನ ನೆನಪು ಬೇರೆ ದಿನಕ್ಕಿಷ್ಟು ಕರಗುತ್ತಿತ್ತು. ಅದು ಪೂರ್ತಿ ಹೋಗುವ ಮೊದಲೇ ನಡೆದದ್ದನ್ನು ನಡೆದ ಹಾಗೆ ಅಚ್ಚು ಹಾಕಿಸಬೇಕೆಂದು, ಹಗಲೆಲ್ಲ ಕೂತು ಎರಡನೆಯ ಭಾಗ ಬರೆದು ಪ್ರಕಾಶಕರಿಗೆ ಕೊಟ್ಟಳು. ಪ್ರಕಾಶಕರು ವಕೀಲರನ್ನು ಕರೆಸಿದರು.

"ಇದನ್ನ ಅಚ್ಚು ಹಾಕೋ ಹಾಗಿಲ್ಲಮ್ಮಾ. ಮುಂದಿನ ಭಾಗಗಳ ಹಕ್ಕೆಲ್ಲ ನಿರ್ಮಾಪಕರದು," ಎಂದರು ವಕೀಲರು.

"ನಮ್ಮಕ್ಕನ ವಿಷಯ ನಾನು ಬರೆಯೋಕೆ ಯಾರಪ್ಪಣೆ ಬೇಕ್ರೀ?"

"ಕರಾರಿನ ಆ ಸಾಲು ಗಮನಿಸಿರಲಿಲ್ಲ ಅಂತಾದ್ರೂ ವಾದ ಮಾಡಬಹುದಿತ್ತು. ನೀವು ನೋಡಿದ್ರೆ ತಿದ್ದಿ ರುಜು ಬೇರೆ ಹಾಕಿದೀರಿ."

ಅಕ್ಷರ ನೋಡಿ ನೋಡಿ ಅರ್ಥಕ್ಕೆ ಕುರುಡಾಗಿದ್ದಳು, ಪಾಪಿ.

ಅಚ್ಚಾಗದಿದ್ದರೆ ಕತ್ತೆ ಬಾಲ, ಅಕ್ಕನೊಬ್ಬಳಿಗೆ ಗೊತ್ತಿದ್ದರೆ ಸಾಕು ಎಂದುಕೊಂಡು ಹಸ್ತಪ್ರತಿ ಎತ್ತಿಕೊಂಡು ಮನೆಗೆ ಬಂದಳು. ಅಕ್ಕನ ಮಂಚದ ಮೇಲೆ ಕೂತು ಗಟ್ಟಿಯಾಗಿ ಓದಿದಳು. ಅಮ್ಮ ಅಕ್ಕನ ಕೈಯಿಂದಲೇ ಮಾತ್ರೆ ನುಂಗಿ, ಅವಳ ಮಡಿಲಲ್ಲಿ ಮಲಗಿ, ಮತ್ತೆ ಏಳದೆ ಹೋದ ಆ ಮಧ್ಯಾಹ್ನವನ್ನು ಓದಿದಳು. ಟೀವಿಯಲ್ಲಿ ಆ ಸಿನಿಮಾವನ್ನು ಮೂರು ಸಲ ನೋಡಿದ್ದ ಅಕ್ಕ ಬಿಕ್ಕತೊಡಗಿದಳು.

"ಮಾತ್ರೆ ಎಲ್ಲಾ ಸುರಿದುಬಿಟ್ಟೆ ಕಣೇ. ಅಮ್ಮನ್ನ ನಾನೇ ಕೊಂದ್ಬಿಟ್ಟೆ."

"ಇಲ್ಲ ಅಕ್ಕಾ! ನಾನು ಅಲ್ಲೇ ಇದ್ನಲ್ಲ. ಅದು ಆ ಸಿನಿಮಾದೋರು ಕಟ್ಟಿದ್ದು."

ಅಕ್ಕ ಅವಳ ಕೆನ್ನೆ ಸವರಿದಳು. "ನನ್ನ ಸಮಾಧಾನಕ್ಕೆ ಏನೇನೋ ಹೇಳ್ಬೇಡ. ಸಿನಿಮಾ ಶುರುವಲ್ಲೇ ಕಥೆ ಅಂತ ದೊಡ್ಡದಾಗಿ ನಿನ್ನ ಹೆಸರು ಬರುತ್ತೆ, ಕಣ್ಣಾರೆ ನೋಡಿದೀನಿ. ನನ್ನ ತಂಗಿ ಸುಳ್ಳು ಬರೆಯೋಳಲ್ಲ."