ಅಮ್ಮ ಮುಟ್ಟಿದ ಉಕ್ಕು

ಕೆಲವರ ಅಂಗೈ ಬೆವರು ಉಕ್ಕಿಗೆ ಆಗಿಬರುವುದಿಲ್ಲ. ಮುಟ್ಟಿಟ್ಟರೆ ಸಾಕು, ಬೆಳಗಾಗುವಷ್ಟರಲ್ಲಿ ಬೆರಳಚ್ಚು ಕಂದು ತುಕ್ಕಾಗಿ ಎದ್ದಿರುತ್ತದೆ. ಅಂಥ ಕೈಯನ್ನು ದೇವರು ಯಾರಿಗಾದರೂ ಕೊಡಲಿ, ಟೂಲ್ ಮೇಕಿಂಗ್ ಓದುವವಳಿಗೇ ಕೊಡಬೇಕೇ? ಕೊಟ್ಟುಬಿಟ್ಟಿದ್ದ. ಅವಳ ಅಮ್ಮನದೂ ಅದೇ ಕೈ. ಹೊಲಿಗೆ ಅಂಗಡಿಯಲ್ಲಿ ವಾರಕ್ಕೊಂದು ಸೂಜಿ ತುಕ್ಕು ಹಿಡಿಸಿ, ಸೂಜಿ ಮಾರಿದವನಿಗೆ ಸಹಸ್ರನಾಮಾರ್ಚನೆ ಮಾಡುತ್ತಿದ್ದಳು. ತಪ್ಪು ತನ್ನ ಕೈಯದೆಂದು ಆಕೆಗೆ ಗೊತ್ತೇ ಇರಲಿಲ್ಲ. ನೂಲಿನಂತೆ ಸೀರೆ, ತಾಯಿಯಂತೆ ಮಗಳು!

ಕಾಲೇಜಿನಲ್ಲಿ ಮಗಳಿಗೆ ಮೊದಲ ತಿಂಗಳೇ ‘ಉಪ್ಪುಗೈ’ ಎಂಬ ಬಿರುದು ಸಿಕ್ಕಿತು. ಅವಳೇನು ಸೋತು ಕೂರುವ ಪೈಕಿಯೇ? ಮುಟ್ಟಿದ್ದನ್ನೆಲ್ಲ ಒರೆಸಿ, ಎಣ್ಣೆ ಸವರಿ ಮೂರು ವರ್ಷ ನಿಭಾಯಿಸಿದಳು. ಕೊನೆಯ ಪರೀಕ್ಷೆಗೆ ಅವಳು ಗ್ರೈಂಡ್ ಮಾಡಿದ ‘ಡೈ’ ಎಂಬ ಉಕ್ಕಿನ ಅಚ್ಚನ್ನು ನೋಡಿ ಮೇಷ್ಟ್ರೇ ತಲೆದೂಗಿದರು. ಅಳತೆ ಸರಿಬಂದು, ಮೇಲ್ಮೈಯಲ್ಲಿ ಒಂದು ಕಲೆಯೂ ಇಲ್ಲದಿದ್ದರೆ ದೊಡ್ಡ ಕಾರ್ಖಾನೆಯ ಟೂಲ್ ರೂಮಿನಲ್ಲಿ ಕೆಲಸ. ಇಡೀ ತರಗತಿಗೆ ಒಂದೇ ಜಾಗ.

ಅಳತೆಯ ಹಿಂದಿನ ದಿನ ಮನೆಯವರಿಗೆಲ್ಲ ಬಂದು ನೋಡಲು ಕರೆ. ಎಣ್ಣೆಯ ಪದರವಿದ್ದರೆ ಅಳತೆ ಕೆಡುತ್ತದೆಂದು ಡೈಗಳನ್ನು ಒರೆಸಿ ಮೇಜಿನ ಮೇಲೆ ಸಾಲಾಗಿ ಇಡಿಸಿದ್ದರು. ಅವಳು ತನ್ನದನ್ನು ಬಟ್ಟೆಯಲ್ಲಿ ಹಿಡಿದೇ ಇಟ್ಟಿದ್ದಳು. ಅಮ್ಮನಿಗೆ ಮುಟ್ಟಬೇಡ ಎಂದು ಮನೆಯಲ್ಲೇ ಹೇಳಿಬಿಡೋಣ ಎಂದುಕೊಂಡವಳಿಗೆ ನಾಲಿಗೆ ಏಳಲಿಲ್ಲ. ಸಾಕಿದ ಕೈಗೆ ಅಂಥ ಮಾತು ಹೇಳುವುದಾದರೂ ಹೇಗೆ?

ಅಮ್ಮ ಬಂದವಳೇ ಡೈಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು.

“ಇದು ನೀನೇ ಮಾಡಿದ್ದೇನೇ? ನನ್ನ ಮುಖ ಕಾಣ್ತಿದೆ ಕಣೇ ಇದ್ರಲ್ಲಿ!”

ಅಮ್ಮನ ಕಣ್ಣು ತುಂಬಿತ್ತು. ಅಮ್ಮ ಎರಡೂ ಹೆಬ್ಬೆರಳು ಊರಿ ಅದರ ಮೈ ಸವರಿ, ಮುದ್ದಿಸಿ, ಕೆಳಗಿಟ್ಟಳು. ಅಷ್ಟರಲ್ಲಿ ಮೇಷ್ಟ್ರು ಎಲ್ಲವನ್ನೂ ಗಾಜಿನ ಬೀರುವಿಗೆ ಸೇರಿಸಿ, ಬೀಗ ಹಾಕಿ ಸೀಲ್ ಒತ್ತಿದರು.

“ಸಾರ್, ನಂದೊಂದು ಸಲ ಒರೆಸ್ಬೇಕಿತ್ತು.”

“ಯಾಕಮ್ಮಾ?”

ಅಮ್ಮ ಪಕ್ಕದಲ್ಲೇ ನಿಂತು, ಗುರುತಿಲ್ಲದ ಹೆಂಗಸೊಬ್ಬಳಿಗೆ ಮಗಳ ಪ್ರತಾಪ ಬಣ್ಣಿಸುತ್ತಿದ್ದಳು.

“ಸುಮ್ನೆ ಸಾರ್.”

“ಸುಮ್‌ಸುಮ್ನೆ ಸೀಲ್ ಒಡೆಯೋಕಾಗುತ್ತಾ? ನನ್ನ ಹೆಂಡ್ತಿ ಬಂದು ಕೇಳಿದ್ರೂ ಒಡೆಯಲ್ಲ.”

ಮರುದಿನ ಅಳತೆ ಅಚ್ಚುಕಟ್ಟಾಗಿ ಸರಿಬಂತು. ಮೇಲ್ಮೈಯಲ್ಲಿ ಮಾತ್ರ ಎರಡು ಹೆಬ್ಬೆರಳು, ಗೆರೆ ಗೆರೆಯಾಗಿ, ಕಂದು ಬಣ್ಣದಲ್ಲಿ.

“ಯಾರು ಮುಟ್ಟಿದ್ದು?” ಎಂದರು ಪರೀಕ್ಷಕರು.

“ನಾನೇ ಸಾರ್.”

ಉಪ್ಪುಗೈ ತಾನೇ, ಎಲ್ಲರೂ ನಂಬಿದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಸಂಜೆ ಅಮ್ಮ ಹೊಲಿಗೆ ಯಂತ್ರದಿಂದ ತಲೆಯೆತ್ತಿ, “ಏನಾಯ್ತೇ?” ಎಂದಳು.

“ಕೆಲ್ಸ ಬೇರೆಯವ್ರಿಗೆ ಹೋಯ್ತಮ್ಮ. ನನ್ನ ಡೈ ಮೇಲೆ ಕಲೆ ಇತ್ತಂತೆ.”

ಅಮ್ಮ ದಡಕ್ಕನೆ ಎದ್ದು ನಿಂತಳು. “ಕಲೆನಾ? ನಾನೇ ನೋಡಿದೀನಲ್ಲ, ಕನ್ನಡಿ ಹಾಗಿತ್ತು! ಯಾರೋ ಹೊಟ್ಟೆಕಿಚ್ಚಿಗೆ ಮಾಡಿದಾರೆ ಕಣೇ. ನನ್ನ ಮಗಳ ಬಾಯಿಗೆ ಮಣ್ಣು ಹಾಕಿದವ್ರ ಕೈ ಸೇದಿಹೋಗ!”

“ಹಾಗನ್ಬೇಡಮ್ಮಾ!” ಎಂದು ಚೀರಿ, ಮಗಳು ಅಮ್ಮನ ಎರಡೂ ಕೈಗಳನ್ನು ಎಳೆದು ತನ್ನ ಕೈಯೊಳಗೆ ಮುಚ್ಚಿಕೊಂಡಳು.