ಇಲ್ಲ ಎನ್ನಲಾಗದ ನೆಂಟಸ್ತಿಕೆ

ಹೊಸ ಮಲೇರಿಯಾ ಔಷಧಿಯ ಪ್ರಯೋಗಕ್ಕೆ ಮಗನನ್ನು ಸೇರಿಸುವ ಕಾಗದವನ್ನು ಓದಿ ಹೇಳದೆಯೇ ನರ್ಸ್ ತೆನಿನ್ ತ್ರಾವೊರೆ, ವೊರೊಕಿಯಾ ಜಾರಾಳ ಹೆಬ್ಬೆಟ್ಟು ಒತ್ತಿಸಿಕೊಂಡಳು.

ತ್ರಾವೊರೆ ಮನೆತನಕ್ಕೂ ಜಾರಾ ಮನೆತನಕ್ಕೂ ಮುತ್ತಜ್ಜಂದಿರ ಕಾಲದಿಂದ ಬೈಗುಳದ ನೆಂಟಸ್ತಿಕೆ. ಎದುರಾದರೆ ಬೈಯಬೇಕು, ಬೈಸಿಕೊಂಡವರು ನಗಬೇಕು. ಒಬ್ಬರು ಕೇಳಿದ್ದಕ್ಕೆ ಇನ್ನೊಬ್ಬರು ಇಲ್ಲ ಎನ್ನುವಂತಿಲ್ಲ. ಅಂದು ತೆನಿನ್ ಅಂಗಳಕ್ಕೆ ಕಾಲಿಡುತ್ತಲೇ ಕೂಗಿದ್ದಳು:

"ಏ ಅಲಸಂದೆಬಾಕಿ! ನಿನ್ನ ಒಡತಿ ಬಂದಿದ್ದೀನಿ, ಏಳೇ ಮೇಲೆ!"

ಸಜ್ಜೆ ಕುಟ್ಟುತ್ತಿದ್ದ ವೊರೊಕಿಯಾ ಒನಕೆ ನಿಲ್ಲಿಸಿದಳು. "ಒಡತಿಯಂತೆ! ನಮ್ಮಜ್ಜ ನಿಮ್ಮಜ್ಜನ್ನ ಒಂದು ಬೊಗಸೆ ಅಲಸಂದೆಗೆ ಕೊಂಡ್ಕೊಂಡಿದ್ದು ಮರೆತ್ಯೇನೇ? ಅದೂ ಹುಳ ಹಿಡಿದಿದ್ದು!"

ಅಂಗಳವೆಲ್ಲ ನಕ್ಕಿತು. ಆ ನಗುವಿನ ನಡುವೆಯೇ ಶಾಯಿ ಡಬ್ಬಿಯ ಮುಚ್ಚಳ ತೆರೆಯಿತು.

"ಒತ್ತು ಹೆಬ್ಬೆಟ್ಟು. ನಂಗೇ ಇಲ್ಲ ಅಂತೀಯಾ?"

"ಅನ್ನೋಕೆ ಬಿಡ್ತೀಯಾ, ಪಿಶಾಚಿ!"

ರಾಜಧಾನಿ ಬಮಾಕೊದಿಂದ ಬಂದಿದ್ದ ಡಾಕ್ಟರ್ ಸಾಂಗಾರೆ ತೆನಿನ್‌ಳ ಬೆನ್ನು ತಟ್ಟಿದರು. ಬೇರೆ ನರ್ಸುಗಳು ಅರ್ಧ ದಿನ ಕೂತು ಒಂದು ಮನೆಯನ್ನು ಒಪ್ಪಿಸಿದರೆ, ತೆನಿನ್ ಬಿಸಿಲೇರುವುದರೊಳಗೆ ಜಾರಾಗಳ ಕೇರಿಯನ್ನೇ ಮುಗಿಸಿದ್ದಳು. ಹಳೆಯ ಮಾತ್ರೆಗೆ ಜ್ವರ ಬಗ್ಗುತ್ತಿರಲಿಲ್ಲ. ಮಳೆಗಾಲ ಬಂದರೆ ಊರು ಮಕ್ಕಳನ್ನು ಹೂಳುತ್ತಿತ್ತು. ಹೊಸದೊಂದು ಬೇಕೇ ಬೇಕಿತ್ತು. ಎಲ್ಲ ನಿಜ. ಆ ನಿಜವನ್ನೇ ಬಿಡಿಸಿ ಹೇಳಿ, ಉತ್ತರಕ್ಕೆ ಕಾಯುವ ತಾಳ್ಮೆ ಮಾತ್ರ ಯಾರಿಗೂ ಇರಲಿಲ್ಲ. ಬಡವರ ಅಂಗಳದಲ್ಲಿ ಕಳೆದ ಹೊತ್ತು ಓದಿದವರ ಪಾಲಿಗೆ ಯಾವಾಗಲೂ ದಂಡ.

ಮೂತ್ರ ಕಪ್ಪಾದರೆ ಮಾತ್ರೆ ನಿಲ್ಲಿಸಿ ಓಡಿ ಬನ್ನಿ ಎಂದು ಕಾಗದದಲ್ಲಿತ್ತು. ವೊರೊಕಿಯಾಳ ಮಗ ಜುಮಾನಾ ಕಡು ಚಹಾದ ಬಣ್ಣದ ಮೂತ್ರ ಹೊಯ್ದಾಗ, ಕಾಯಿಲೆ ಇಳಿದು ಹೋಗುತ್ತಿದೆ ಎಂದು ಆಕೆ ಹಿಗ್ಗಿದಳು. ಮಾರನೆಯ ದಿನದ ಮಾತ್ರೆಯನ್ನೂ ತನ್ನ ಕೈಯಾರೆ ಅರೆದು, ಗಂಜಿಯಲ್ಲಿ ಕಲಸಿ ತಿನ್ನಿಸಿದಳು. ಪಟ್ಟಣದ ಆಸ್ಪತ್ರೆಯಲ್ಲಿ ಯಾರದೋ ರಕ್ತ ಕೊಟ್ಟು ಹುಡುಗನನ್ನು ಉಳಿಸಿದರು. ಈಗ ಗೋಡೆ ಹಿಡಿದು ನಡೆಯುತ್ತಾನೆ.

ಔಷಧಿ ಇವನಿಗೇ ಏಕೆ ಮುನಿಯಿತು ಎಂದು ತಿಳಿಯಲು ಡಾಕ್ಟರಿಗೆ ಇವನ ರಕ್ತ ಮತ್ತೆ ಬೇಕಾಗಿತ್ತು. ಕೊಡುವುದಿಲ್ಲ ಎಂದು ವೊರೊಕಿಯಾ ಹೇಳಿ ಕಳಿಸಿದ್ದಳು. ಅದಕ್ಕೇ ತೆನಿನ್‌ಳನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬಂದಿದ್ದರು.

ದಾರಿಯುದ್ದಕ್ಕೂ ತೆನಿನ್ ಉಗಿಸಿಕೊಳ್ಳಲು ಸಿದ್ಧಳಾಗಿದ್ದಳು. ಉಗಿದರೆ ಎಷ್ಟೋ ವಾಸಿಯಿತ್ತು. ವೊರೊಕಿಯಾ ಮಣೆ ತಂದಳು, ಸೆರಗಿನಿಂದ ಒರೆಸಿದಳು, ಸೋರೆಬುರುಡೆಯಲ್ಲಿ ನೀರು ತಂದು ಎರಡೂ ಕೈಯಲ್ಲಿ ಕೊಟ್ಟಳು.

"ಕೂತ್ಕೊಳ್ಳಿ ನರ್ಸಮ್ಮ. ಮನೇಲೆಲ್ಲ ಕ್ಷೇಮವಾ? ನಿಮ್ಮ ತಾಯಿ ಆರಾಮಾಗಿದಾರಾ?"

ಜಾರಾ ಹೆಂಗಸೊಬ್ಬಳು ತ್ರಾವೊರೆಗೆ ಬಹುವಚನ ಹಚ್ಚಿದ್ದನ್ನು ಆ ಅಂಗಳ ಕಂಡಿರಲಿಲ್ಲ. ಅತ್ತ ಸಜ್ಜೆ ಕೇರುತ್ತಿದ್ದ ಮುದುಕಿ ಮೊರ ಕೆಳಗಿಟ್ಟಳು. ತೆನಿನ್‌ಳ ಕಿವಿ ಕಾದವು.

"ಬೈಯೇ ವೊರೊಕಿಯಾ. ಒಂದು ಸಲ ಬೈದುಬಿಡೇ."

"ನಿಮ್ಮನ್ನ ಬೈಯೋದಾ? ಛೆ, ದೊಡ್ಡವರು ನೀವು."

ಡಾಕ್ಟರ್ ಬಗ್ಗಿ ಪಿಸುಗುಟ್ಟಿದರು: "ನಿನ್ನ ವರಸೆ ಶುರು ಮಾಡಮ್ಮ, ನಗಿಸು."

ವೊರೊಕಿಯಾಗೆ ಕೇಳಿಸಿತು. "ನಗಿಸೋದೇನೂ ಬೇಡ ಡಾಕ್ಟ್ರೇ. ಅವರು ಬಾಯಿಬಿಟ್ಟು ಕೇಳಿದ್ರೆ ಸಾಕು, ಕೊಡ್ತೀನಿ. ತ್ರಾವೊರೆ ಕೇಳಿದ್ದಕ್ಕೆ ಇಲ್ಲ ಅನ್ನೋ ಬಾಯಿ ನಮ್ಮ ಮನೇಲಿ ಯಾರಿಗೂ ಇಲ್ಲ."

ಜುಮಾನಾ ಬೆರಳುಗಳನ್ನು ಕಂಕುಳಲ್ಲಿ ಹುದುಗಿಸಿಕೊಂಡ.

"ಒಪ್ಪಿದಾಳಲ್ಲ," ಎಂದರು ಡಾಕ್ಟರ್, "ಕೇಳು."

"ಎಲ್ಲಿ ಒಪ್ಪಿದಳು? ಇಲ್ಲ ಅನ್ನೋಕಾಗಲ್ಲ ಅಂದಳು, ಅಷ್ಟೇ."

"ಇವನ ರಕ್ತ ಸಿಗದೆ ನಾಳೆ ಇನ್ನೊಂದು ಮಗು ಹೀಗೇ ಮಲಗಿದ್ರೆ? ಯಾರ ತಲೆಗೆ ಅದು?"

ತೆನಿನ್ ತಲೆ ತಗ್ಗಿಸಿದಳು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ, ಅದೇ ಅವಳನ್ನು ಇನ್ನಷ್ಟು ಸುಟ್ಟಿತು. ಸೋರೆಬುರುಡೆಯನ್ನು ನೆಲದ ಮೇಲಿಟ್ಟು ಮಣೆಯಿಂದ ಎದ್ದಳು.

"ನೀವೇ ಕೇಳಿ ಡಾಕ್ಟ್ರೇ. ನೀವು ಸಾಂಗಾರೆ, ಈ ನೆಂಟಸ್ತಿಕೆ ನಿಮಗಿಲ್ಲ. ನಿಮಗಾದ್ರೆ ಅವಳು ಇಲ್ಲ ಅನ್ನಬಹುದು."

"ಅಂದೇ ಅಂತಾಳೆ! ಅದಕ್ಕೆ ತಾನೆ ನಿನ್ನ ಕರ್ಕೊಂಡು ಬಂದಿದ್ದು. ಕೇಳು ತೆನಿನ್."

"ಕೇಳಲ್ಲ."