ಅಮ್ಮನನ್ನು ಎತ್ತುವ ಮುನ್ನ

ದಿನಾ ಬೆಳಗ್ಗೆ ಕ್ಷೌರದಂಗಡಿಯ ಬಾಗಿಲು ತೆಗೆಯುವ ಮೊದಲು ಕ್ಷೌರಿಕನಿಗೆ ಮನೆಯಲ್ಲಿ ಒಂದು ಕೆಲಸವಿರುತ್ತಿತ್ತು. ಲಕ್ವ ಹೊಡೆದು ಬಲಗೈ, ಬಲಗಾಲು ಸೋತಿದ್ದ ತಾಯಿಯನ್ನು ಹಾಸಿಗೆಯಿಂದ ಎತ್ತಿ ಗಾಲಿಕುರ್ಚಿಯಲ್ಲಿ ಕೂರಿಸಬೇಕು. ಹೆಂಡತಿ ಕೈಹಾಕಲು ಬಂದರೆ ಬೇಡವೆನ್ನುತ್ತಿದ್ದ. ತನ್ನನ್ನು ಎತ್ತಿ ಆಡಿಸಿದವಳು ಅಮ್ಮ, ಈಗ ಸರದಿ ತನ್ನದು ಎಂಬ ಹಟ. ತಗ್ಗಾದ ಮಂಚದ ಮುಂದೆ ಸೊಂಟ ಬಗ್ಗಿಸಿ, ಅವಳ ಕಂಕುಳಿಗೆ ಕೈ ತೂರಿಸಿ, ಒಂದೇ ಏಟಿಗೆ ಎತ್ತಿ, ಹಾಗೇ ಪಕ್ಕಕ್ಕೆ ತಿರುಗಿ ಕುರ್ಚಿಗೆ ಇಳಿಸಿಬಿಡುತ್ತಿದ್ದ.

ಒಂದು ದಿನ ಹಾಗೆ ತಿರುಗುವಾಗ ಸೊಂಟದಲ್ಲಿ ಏನೋ ಚಳಕ್ಕೆಂದಿತು. ಕಣ್ಣಿಗೆ ಕತ್ತಲೆ ಬಂತು. ಪುಣ್ಯಕ್ಕೆ ತಾಯಿ ಮಂಚದ ಮೇಲೇ ಕುಸಿದು ಕೂತಳು, ಪೆಟ್ಟಾಗಲಿಲ್ಲ. ಗೋಡೆ ಹಿಡಿದು ನಿಂತ ಮಗ ಮಾತ್ರ ನೆಟ್ಟಗಾಗಲೇ ಇಲ್ಲ.

ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಸಿದರು. ಮೂಳೆಗೆ ಏನೂ ಆಗಿಲ್ಲ, ಲಿಗಮೆಂಟ್ ಉಳುಕಿದೆ, ಸದ್ಯಕ್ಕೆ ಭಾರ ಎತ್ತಬೇಡಿ ಎಂದರು ಡಾಕ್ಟರು. ಇವನ ಕಿವಿಗೆ ಹೊಕ್ಕದ್ದು ಮೊದಲ ಮಾತೊಂದೇ. ಮೂಳೆ ಸರಿಯಿದ್ದರೆ ಈ ನೋವು ಎಲ್ಲಿಯದು? ನರ ಜರುಗಿರಬೇಕು ಎಂದು ಪಕ್ಕದಂಗಡಿಯ ಬೀಗ ರಿಪೇರಿಯವನು ತೀರ್ಪು ಕೊಟ್ಟ. ಬೋರಲು ಮಲಗಿಸಿ ಬೆನ್ನು ತುಳಿದರೆ ಅದು ತಾನಾಗಿ ಜಾಗಕ್ಕೆ ಕೂರುತ್ತದಂತೆ. ರಜೆಯ ದಿನ ತಾನೇ ಬಂದು ತುಳಿಯುತ್ತೇನೆ ಎಂದೂ ಧೈರ್ಯ ಹೇಳಿದ. ಬೀಗದವನ ದಢೂತಿ ದೇಹ ಕಂಡಿದ್ದ ಹೆಂಡತಿಗೆ ಗಾಬರಿಯಾಯಿತು. ಫೋನ್ ಮಾಡಿ ತನ್ನ ತಂಗಿಯನ್ನು ಕರೆಸಿದಳು.

ತಂಗಿ ಫಿಸಿಯೋಥೆರಪಿಸ್ಟ್. ಕ್ಷೌರಿಕನ ಪಾಲಿಗೆ ಮಾತ್ರ ಇನ್ನೂ ಅಂಗಡಿಯ ಕುರ್ಚಿಗೆ ಅಡ್ಡ ಹಲಗೆಯಿಟ್ಟು ಕೂದಲು ಕತ್ತರಿಸಿಕೊಳ್ಳುತ್ತಿದ್ದ ಪುಟ್ಟ ನಾದಿನಿ. ತುಳಿಸಿಕೊಳ್ಳುವ ಯೋಜನೆ ಕೇಳಿ ಅವಳು ಬೈಯಲಿಲ್ಲ. ಒಂದು ಪ್ರಶ್ನೆ ಕೇಳಿದಳು.

"ಭಾವ, ಗಿರಾಕಿ ತಲೆ ಬಗ್ಗಿಸಿದಾಗ ಕತ್ತಿನ ಹಿಂದೆ, ನಟ್ಟನಡುವೆ, ನಿಮ್ಮ ಬೆರಳಿಗೆ ಏನು ಸಿಗುತ್ತೆ?"

"ಹುರಿ ಥರ ಏನೋ ಬಿಗಿಯಾಗುತ್ತೆ. ಅದು ನರ ತಾನೇ?"

"ನರ ಅಲ್ಲ. ಅದೇ ಲಿಗಮೆಂಟು. ಪುಸ್ತಕದಲ್ಲಿ ಅಸ್ಥಿರಜ್ಜು ಅಂತಾರೆ. ಮೂಳೆಗೆ ಮೂಳೆ ಕಟ್ಟಿರೋ ಗಟ್ಟಿ ಪಟ್ಟಿ."

ಅವನ ಬೆನ್ನಿನ ಗಂಟುಗಳ ಮೇಲೆ ಬೆರಳಿಟ್ಟು ಅವಳು ಕೆಳಗಿಳಿಯುತ್ತ ಹೇಳಿದಳು. ಬೆನ್ನುಮೂಳೆ ಒಂದೇ ಕೋಲಲ್ಲ, ಒಂದರ ಮೇಲೊಂದು ಕೂತ ಚಿಕ್ಕ ಚಿಕ್ಕ ಮೂಳೆಗಳು. ಅವುಗಳ ಮುಂಭಾಗದಲ್ಲಿ ಅಗಲವಾದ ಪಟ್ಟಿಯೊಂದು ಕತ್ತಿನಿಂದ ಸೊಂಟದ ಕೆಳಗಿನವರೆಗೆ ಇಳಿದಿದೆ, ನಾವು ಹಿಂದಕ್ಕೆ ಅತಿಯಾಗಿ ಬಾಗದಂತೆ ತಡೆಯುತ್ತದೆ. ಹಿಂಭಾಗದಲ್ಲಿರುವವು ಮುಂದಕ್ಕೆ ಅತಿಯಾಗಿ ಬಗ್ಗದಂತೆ ಹಿಡಿಯುತ್ತವೆ. ಅವುಗಳಲ್ಲೇ ಹಳದಿ ಬಣ್ಣದ್ದೊಂದಿದೆ, ಬಗ್ಗಿದಾಗ ಹಿಗ್ಗಿ, ಎದ್ದಾಗ ಮತ್ತೆ ಕುಗ್ಗುತ್ತದೆ. ಸೊಂಟ ಪೂರ್ತಿ ಬಗ್ಗಿಸಿದರೆ ಬೆನ್ನಿನ ಸ್ನಾಯುಗಳು ಸಡಿಲ ಬಿಡುತ್ತವೆ, ಆಗ ಭಾರವೆಲ್ಲ ಬೀಳುವುದು ಈ ಪಟ್ಟಿಗಳ ಮೇಲೆ. ಅದರ ಜೊತೆಗೆ ತಿರುಚಿದರೆ ಎಳೆಗಳು ಹರಿಯಬಹುದು.

"ಮತ್ತೆ ಎಕ್ಸ್‌ರೇಲಿ ಯಾಕೆ ಕಾಣಲಿಲ್ಲ?" ಅವನು ಜಗ್ಗಲಿಲ್ಲ.

"ಎಕ್ಸ್‌ರೇ ತೋರಿಸೋದು ಮೂಳೆ. ಲಿಗಮೆಂಟು ಅದರಲ್ಲಿ ಕಾಣಲ್ಲ. ಅದಕ್ಕೆ ರಕ್ತ ಹರಿಯೋದೂ ಕಮ್ಮಿ, ವಾಸಿಯಾಗೋದು ನಿಧಾನ. ಅಂಥದ್ದನ್ನ ತುಳಿಸ್ತೀರಾ?"

 ಹಾಗಾದರೆ ಅಮ್ಮನನ್ನು ಎತ್ತುವವರು ಯಾರು ಎಂದು ಅವನು ಕೇಳಿದ.

ಉತ್ತರ ಬಂದದ್ದು ಮಂಚದಿಂದ. ಲಕ್ವ ಹೊಡೆದ ಮೇಲೆ ತಾಯಿಯ ಮಾತು ತೊದಲುತ್ತಿತ್ತು, ಆದರೂ ಎಲ್ಲರಿಗೂ ಅರ್ಥವಾಯಿತು.

"ನನ್ನ ಎತ್ತಬೇಡ ಮಗಾ. ನೀರು ಕುಡಿಯೋದೇ ಕಮ್ಮಿ ಮಾಡಿದೀನಿ. ಬಚ್ಚಲಿಗೆ ಹೋಗೋಕೆ ಅಷ್ಟು ಸಲ ನಿನ್ನ ಕರೆಯೋದು ತಪ್ಪುತ್ತಲ್ಲ."

 ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾದಿನಿ ಮಂಚದ ಅಂಚಿನಲ್ಲಿ ಕೂತು, "ಅತ್ತೆ, ನಿಮ್ಮ ಎಡಗಾಲು ಚೆನ್ನಾಗಿದೆ. ನಿಮ್ಮನ್ನ ಯಾರೂ ಎತ್ತೋದು ಬೇಡ. ನೀವೇ ಏಳಿ, ನಾವು ಜೊತೆಗಿರ್ತೀವಿ" ಎಂದಳು.

ಮಂಚದ ಕಾಲುಗಳ ಕೆಳಗೆ ಅಲುಗಾಡದ ಮರದ ದಿಮ್ಮಿ ಕೊಟ್ಟು ಕುರ್ಚಿಯ ಎತ್ತರಕ್ಕೆ ತಂದರು. ಕುರ್ಚಿಯನ್ನು ತಾಯಿಯ ಎಡಗಡೆಗೆ ಒತ್ತಿ ನಿಲ್ಲಿಸಿ ಬ್ರೇಕ್ ಹಾಕಿದರು. ಅವಳನ್ನು ಮಂಚದ ಅಂಚಿನಲ್ಲಿ ಕೂರಿಸಿ, ಹಿಡಿತಕ್ಕೆಂದು ಸೊಂಟಕ್ಕೆ ಅಗಲವಾದ ಬೆಲ್ಟ್ ಕಟ್ಟಿದ ನಾದಿನಿ ಬೆನ್ನು ನೇರವಿಟ್ಟು, ಮಂಡಿ ಬಗ್ಗಿಸಿ, ಎದುರಿಗೆ ಹತ್ತಿರವೇ ನಿಂತಳು. ಕ್ಷೌರಿಕನ ಹೆಂಡತಿ ಪಕ್ಕದಲ್ಲಿ ನಿಂತು ಕಲಿತಳು. ತಾಯಿ ಅಂಗಾಲೂರಿ, ಮುಂದಕ್ಕೆ ವಾಲಿ, ಎಡಗೈಯಿಂದ ಮಂಚ ಒತ್ತಿ, ನಡುಗುತ್ತ ಎದ್ದು ನಿಂತಳು.

ಅಮ್ಮ ತನ್ನ ಭುಜದವರೆಗೆ ಬರುತ್ತಾಳೆ ಎಂಬುದೇ ಮಗನಿಗೆ ಮರೆತುಹೋಗಿತ್ತು. ಕಾಯಿಲೆ ಬಿದ್ದಾಗಿನಿಂದ ಅವಳನ್ನು ಅವನು ನೋಡಿದ್ದೆಲ್ಲ ಮೇಲಿನಿಂದಲೇ. ನಾದಿನಿ ಸೊಂಟ ತಿರುಚದೆ, ಪಾದ ಹೆಜ್ಜೆ ಹೆಜ್ಜೆಯಾಗಿ ತಿರುಗಿಸಿ, ಅವಳನ್ನು ಕುರ್ಚಿಯಲ್ಲಿ ಕೂರಿಸಿದಳು. ತಾಯಿ ಏದುಸಿರು ಬಿಡುತ್ತಲೇ ನಕ್ಕು, ಸೊಸೆಯ ಕಡೆ ನೋಡಿ ಕುಡಿಯಲು ನೀರು ಕೇಳಿದಳು.

ಬೀಗದವನ ಪಾದಸೇವೆ ರದ್ದಾಯಿತು. ಕ್ಷೌರಿಕ ಹಾಸಿಗೆಯಲ್ಲೇ ಬಿದ್ದಿರದೆ, ನಾದಿನಿ ಹೇಳಿದಂತೆ ಮೆಲ್ಲಗೆ ಓಡಾಡಿದ. ನೋವು ಇಳಿಯಲು ವಾರಗಳೇ ಹಿಡಿದವು. ಅಂಗಡಿಯಲ್ಲೂ ಈಗ ತಾನು ಬಗ್ಗುವ ಬದಲು ಗಿರಾಕಿಯ ಕುರ್ಚಿಯನ್ನೇ ಏರಿಸುತ್ತಾನೆ. ಅಮ್ಮನನ್ನು ಎಬ್ಬಿಸುವ ಸರದಿಯಲ್ಲಿ ಹೆಂಡತಿಗೂ ಪಾಲು ಕೊಟ್ಟಿದ್ದಾನೆ.

ಮನೆಯಲ್ಲಿ ಹಿರಿಯರನ್ನೋ ಕಾಯಿಲೆಯವರನ್ನೋ ನೋಡಿಕೊಳ್ಳುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಬೆನ್ನಿನ ಲಿಗಮೆಂಟುಗಳು ನೋವಾಗುವವರೆಗೆ ನೆನಪಿಗೇ ಬರುವುದಿಲ್ಲ. ಬಹಳ ಹೊತ್ತು ಬಗ್ಗಿ ಕೂತು ಎದ್ದ ಕೂಡಲೇ ಭಾರಕ್ಕೆ ಕೈ ಹಾಕಬೇಡಿ, ಸ್ವಲ್ಪ ಓಡಾಡಿ. ಎತ್ತಲೇಬೇಕಾದರೆ ಮಂಡಿ ಬಗ್ಗಿಸಿ, ಭಾರವನ್ನು ಮೈಗೆ ಹತ್ತಿರ ಹಿಡಿಯಿರಿ, ಸೊಂಟ ತಿರುಚಬೇಡಿ. ರೋಗಿಯನ್ನು ಎಬ್ಬಿಸುವ ರೀತಿಯನ್ನು ಫಿಸಿಯೋಥೆರಪಿಯವರಿಂದ ಕಲಿತುಕೊಳ್ಳಿ. ಬೆನ್ನುನೋವಿನ ಜೊತೆ ಕಾಲು ಜೋಮು ಹಿಡಿದರೆ, ಬಲ ಕಳೆದುಕೊಂಡರೆ, ಮೂತ್ರ ಕಟ್ಟಿದರೆ ಅಥವಾ ಮಲಮೂತ್ರದ ಹಿಡಿತ ತಪ್ಪಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ನಿಮ್ಮನ್ನು ನಂಬಿಕೊಂಡವರಿಗೆ ನಿಮ್ಮ ಬೆನ್ನು ಬೇಕು. ಇವತ್ತೇ ಮನೆಯ ಮಂಚದ ಎತ್ತರ ನೋಡಿ.